ಓ ಅನ್ನದ ಹುಣಸೆಮರ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು, ಆಗತಾನೆ ತಟ್ಟಿ ಇಟ್ಟ ಮಡಕೆ ಹಾಗೆ. ಬೆಟ್ಟದ ಮೇಲೆ ಕಾಲಿಟ್ರೆ ಹೆಜ್ಜೆ ಮೂಡೋದು. ಹೊಳೆ ಯಾವ ಕಡೆ ಹರೀಬೇಕು ಅಂತ ಇನ್ನೂ ಯೋಚನೆ ಮಾಡ್ತಿತ್ತು.

ಆಗ ಎಲ್ಲಕ್ಕೂ ಮಾತು ಬರ್ತಿತ್ತು. ಗಾಳಿಗೆ, ಹೊಳೆಗೆ, ಕಾಗೆಗೆ, ಗುಂಡುಕಲ್ಲಿಗೂ ಕೂಡ. ಯಾರನ್ನೇ ಕರೆದ್ರೂ "ಓ" ಅಂತಿದ್ರು. "ಹೊಳೆ ತಾಯೀ" ಅಂದ್ರೆ "ಓ". "ಗುಂಡಪ್ಪಾ" ಅಂದ್ರೆ ಕಲ್ಲು ಸ್ವಲ್ಪ ಹೊತ್ತು ಬಿಟ್ಟು "ಓ". ಕಲ್ಲು ಆಗಲೂ ನಿಧಾನವೇ.

ಅದಕ್ಕೇ ಆ ಕಾಲದ ಜನ ಒಂದು ಮಾತು ನಂಬಿದ್ರು. ಓ ಅಂದ್ರೆ ಒಳಗೆ ಯಾರೋ ಇದ್ದಾರೆ. ಓ ಅನ್ನದೇ ಇದ್ರೆ ಒಳಗೆ ಯಾರೂ ಇಲ್ಲ.

ಅವರ ಹಟ್ಟಿ ಮುಂದೆ ಒಂದು ಹುಣಸೆಮರ ಇತ್ತು. ಅದೊಂದು ಮಾತ್ರ ಓ ಅಂತಿರಲಿಲ್ಲ. ಹಗಲೂ ರಾತ್ರಿ ಸಣ್ಣ ಸಣ್ಣ ಎಲೆ ಬಿಚ್ಚಿಕೊಂಡು ಸುಮ್ಮನೆ ನಿಂತಿರ್ತಿತ್ತು. ಜನ ಕರೆದೂ ಕರೆದೂ ಸಾಕಾಗಿ "ಖಾಲಿ ಮರ" ಅಂತ ಬಿಟ್ಟುಬಿಟ್ರು. ಕುಡುಗೋಲು ಹರಿತ ಇದೆಯಾ ಅಂತ ನೋಡೋಕೆ ಅದರ ಬೊಡ್ಡೆಗೇ ಒಂದೇಟು ಹಾಕೋರು. ದಾರೀಲಿ ಹೋಗೋರು ಸುಮ್ಮಸುಮ್ಮನೆ ಒಂದು ಕೊಂಬೆ ಮುರಿದು ಬಿಸಾಕೋರು. ಖಾಲಿ ಮರ ತಾನೆ, ಯಾರಿಗೆ ನೋವು?

ಒಬ್ಬಳು ಮಾತ್ರ ಹಾಗೆ ಮಾಡ್ತಿರಲಿಲ್ಲ. ಅವಳು ಈರಕ್ಕ, ಬೊಮ್ಮಿಯ ಅಜ್ಜಿ. ಬೊಮ್ಮಿಗೆ ಅಪ್ಪ ಅಮ್ಮ ಇರಲಿಲ್ಲ, ಅಜ್ಜಿಯೇ ಎಲ್ಲ. ಸಾರಿಗೆ ಚಿಗುರು ಬೇಕಾದಾಗ ಅಜ್ಜಿ ಮರದ ಮೇಲೆ ಕೈ ಇಟ್ಟು, "ಒಂದು ಹಿಡಿ ತಗೋತೀನಿ ಕಣವ್ವ," ಅಂತ ಕೇಳಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಕೀಳ್ತಿದ್ದಳು.

"ಅದು ಓ ಅನ್ನಲ್ವಲ್ಲ ಅಜ್ಜಿ," ಅಂತಿದ್ಲು ಬೊಮ್ಮಿ.

"ಅನ್ನಲ್ಲ."

"ಮತ್ತೆ ಯಾಕೆ ಕೇಳ್ತೀಯ?"

"ಇದ್ರೆ?" ಅಂತಿದ್ಲು ಅಜ್ಜಿ. ಅಷ್ಟೇ ಅನ್ನೋದು. ಆಮೇಲೆ ಚಿಗುರು ಸೋಸ್ತಾ ಕೂರೋದು.

ಒಂದು ಬೆಳಿಗ್ಗೆ ನೀರಿಗೆ ಹೋದ ಅಜ್ಜಿ ಅದೇ ಮರದ ಕೆಳಗೆ ಕುಸಿದು ಬಿದ್ದಳು. ಕಣ್ಣು ತೆರೆದಿತ್ತು, ಉಸಿರು ಆಡ್ತಿತ್ತು. ಆದ್ರೆ ಕೈಕಾಲಿಗೆ ಸ್ವಾಧೀನವಿಲ್ಲ, ಮಾತಿಲ್ಲ. ಬೊಮ್ಮಿ "ಅಜ್ಜೀ, ಅಜ್ಜೀ" ಅಂತ ಗಂಟಲು ಕಟ್ಟೋ ತನಕ ಕರೆದ್ಲು.

ಅಜ್ಜಿ ಓ ಅನ್ನಲಿಲ್ಲ.

ಇಂಥದ್ದಕ್ಕೆ ಹಟ್ಟೀಲಿ ಒಂದು ಪದ್ಧತಿ ಇತ್ತು. ಲೋಕ ಹೊಸದು, ಹೆಸರುಗಳೂ ಕಮ್ಮಿ. ಇಡೀ ಹಟ್ಟಿಗೆ ನಲವತ್ತೇ ಹೆಸರು. ಯಾರಾದ್ರೂ ಓ ಅನ್ನೋದು ನಿಲ್ಲಿಸಿದ್ರೆ ಮೂರು ಸಂಜೆ, ದೀಪ ಹಚ್ಚೋ ಹೊತ್ತಿಗೆ ಅವರ ಹೆಸರು ಹಿಡಿದು ಕರೆಯೋರು. ಮೂರನೇ ಸಂಜೆಯೂ ಓ ಬರಲಿಲ್ಲ ಅಂದ್ರೆ ಹೆಸರನ್ನ ವಾಪಸ್ ತಗೊಂಡು ಆಗ ಹುಟ್ಟಿದ ಕೂಸಿಗೆ ಇಡೋರು. ಹೆಸರಿಲ್ಲದ ಮೈಯನ್ನ ಹೊಳೆ ಆಚೆ ಬಿಟ್ಟು ಬರೋರು. ಅವರೇನು ಕೆಟ್ಟ ಜನ ಅಲ್ಲ. ಖಾಲಿ ಮನೆಗೆ ಬೀಗ ಹಾಕಿದ ಹಾಗೆ ಅಂತ ಅಂದುಕೊಂಡಿದ್ರು.

ಆ ಸಲ ಹೆಸರಿಗೆ ಕಾಯ್ತಿದ್ದ ಕೂಸು ತಿಪ್ಪಕ್ಕನದು. ಹುಟ್ಟಿ ಹನ್ನೊಂದು ದಿನ ಆಗಿತ್ತು.

ಮೊದಲನೇ ಸಂಜೆ ಹಟ್ಟಿಯ ಹಿರಿಯ ಪಾತಜ್ಜ ಕೋಲೂರಿಕೊಂಡು ಮರದ ಕೆಳಗೆ ಬಂದ. ಅಜ್ಜಿಯನ್ನ ಅವಳು ಬಿದ್ದಲ್ಲೇ ಚಾಪೆ ಮೇಲೆ ಮಲಗಿಸಿದ್ರು. "ಈರಕ್ಕಾ," ಅಂತ ಕರೆದ. ಎಲ್ಲರೂ ಕಾದ್ರು. ಏನೂ ಇಲ್ಲ.

ಮಾರನೇ ದಿನ ಬೊಮ್ಮಿ ಗಾಳಿಯನ್ನ ಹುಡುಕಿಕೊಂಡು ದಿಬ್ಬ ಹತ್ತಿದ್ಲು.

"ಗಾಳಿಯಣ್ಣಾ."

"ಓ."

"ನಮ್ಮಜ್ಜಿ ಮೂಗಲ್ಲಿ ನೀನು ಹೋಗಿ ಬರ್ತೀಯಲ್ಲ, ಅವಳು ಒಳಗಿದ್ದಾಳಾ?"

ಗಾಳಿ ಹುಲ್ಲಲ್ಲಿ ಸ್ವಲ್ಪ ಹೊತ್ತು ಸುತ್ತಾಡಿತು. "ನಾನು ಹಜಾರದ ತನಕ ಹೋಗಿ ಬರೋನು ಕಣವ್ವ. ನಡುಮನೆ ನೋಡಿಲ್ಲ. ನಿನ್ನೊಳಗೂ ದಿನಾ ಹೋಗಿ ಬರ್ತೀನಿ. ನಿನ್ನ ನಡುಮನೆಯನ್ನೂ ನೋಡಿಲ್ಲ."

ಬೊಮ್ಮಿ ದಿಬ್ಬ ಇಳಿದು ಹೊಳೆಗೆ ಹೋದ್ಲು. "ಹೊಳೆ ತಾಯೀ."

"ಓ, ಬಾ ಮಗಾ."

"ನೀನು ಆಳ ಬಲ್ಲೋಳು. ನಮ್ಮಜ್ಜಿ ಒಳಗಿದ್ದಾಳಾ?"

"ಅವಳ ಕಣ್ಣಲ್ಲಿ ಬಗ್ಗಿ ನೋಡಿದೆಯಾ?"

"ನೋಡಿದೆ."

"ಯಾರು ಕಂಡ್ರು?"

"ನಾನೇ. ಚಿಕ್ಕದಾಗಿ."

ಹೊಳೆ ನಿಟ್ಟುಸಿರು ಬಿಟ್ಟಿತು. "ನನ್ನ ಮೇಲೆ ಬಗ್ಗಿದೋರಿಗೂ ಅಷ್ಟೇ ಕಾಣೋದು. ನನ್ನ ಆಳ ನನಗೆ ಗೊತ್ತು. ಬೇರೆಯೋರ ಆಳಕ್ಕೆ ಇಳಿಯೋ ದಾರಿ ನನಗೂ ಸಿಕ್ಕಿಲ್ಲ."

ಬೊಮ್ಮಿ ದಡದಲ್ಲಿ ಕೂತು ಅತ್ತಳು. ಅಲ್ಲೇ ಒಂದು ಒಡಕು ಗಡಿಗೆ ಮೇಲೆ ಕಾಗೆ ಕೂತಿತ್ತು.

"ಅಳಬೇಡ್ವೆ ಹುಡುಗಿ, ಇಲ್ಲಿ ನೋಡು," ಅಂತ ಕಾಗೆ ಗಡಿಗೆ ಒಳಗೆ ಕೊಕ್ಕು ಇಟ್ಟು "ಓ" ಅಂತು. ಗಡಿಗೆ ಗುಂಯ್ ಅಂತು. "ಕೇಳಿಸ್ತಾ? ಗಡಿಗೆಯೊಳಗೆ ಯಾರೋ ಇದ್ದಾರೆ."

"ಸುಳ್ಳು. ನೀನೇ ಅಂದಿದ್ದು."

"ನೀನು ನೋಡಿದೆ, ಅದಕ್ಕೆ ಗೊತ್ತಾಯ್ತು. ನೋಡದೇ ಇದ್ದಿದ್ರೆ?" ಕಾಗೆ ಹತ್ತಿರ ಕುಪ್ಪಳಿಸಿ ಬಂತು. "ನಾಳಿದ್ದು ತಾನೆ ಮೂರನೇ ಸಂಜೆ..."

"ನಾಳೆ."

"ನಾಳೆನೇ ಆಗಲಿ. ನಾನು ಮರದ ಬೊಡ್ಡೆ ಹಿಂದೆ ಅಡಗಿ ಕೂರ್ತೀನಿ. ಪಾತಜ್ಜ ಕರೀತಿದ್ದ ಹಾಗೇ ನಿಮ್ಮಜ್ಜಿ ದನೀಲಿ ಓ ಅಂತೀನಿ. ಆ ಮುದುಕನಿಗೆ ಕಿವಿ ಮಂದ. ಕೆಲಸ ಆಯ್ತು. ನನಗೆ ಒಂದು ರೊಟ್ಟಿ ಕೊಡು ಸಾಕು."

ಬೊಮ್ಮಿ ಅಳು ನಿಲ್ಲಿಸಿದ್ಲು. ಎಷ್ಟು ಸುಲಭ. ಅಜ್ಜಿ ಉಳೀತಾಳೆ, ಹೆಸರೂ ಉಳಿಯುತ್ತೆ. ರೊಟ್ಟಿ ತರೋಕೆ ಎದ್ದೂ ನಿಂತಳು.

"ಬೇಡ," ಅಂದ್ಲು ಕೊನೆಗೆ.

"ಯಾಕೆ, ರೊಟ್ಟಿ ಜಾಸ್ತಿ ಆಯ್ತಾ?"

"ಆಮೇಲೆ ಒಂದಿನ ಅಜ್ಜಿ ನಿಜವಾಗ್ಲೂ ಓ ಅಂದ್ರೆ? ನೀನೇ ಅಂದೆ ಅಂದುಕೊಂಡುಬಿಡ್ತೀನಿ."

ಕಾಗೆ ತಲೆ ಓರೆ ಮಾಡಿ ಅವಳನ್ನೇ ನೋಡಿತು. ಆಮೇಲೆ ರೊಟ್ಟಿ ಕೇಳದೇ ಹಾರಿಹೋಯ್ತು.

ಆ ಸಂಜೆ ಪಾತಜ್ಜ ಎರಡನೇ ಸಲ ಕರೆದ. ಓ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ತಿಪ್ಪಕ್ಕ ಕೂಸನ್ನ ಎತ್ತಿಕೊಂಡು ಮರದ ಕೆಳಗೆ ಬಂದ್ಲು. ಬೊಮ್ಮಿ ಒದ್ದೆ ಬಟ್ಟೇಲಿ ಅಜ್ಜಿಯ ತುಟಿ ಒರೆಸ್ತಿದ್ಲು. ತಿಪ್ಪಕ್ಕ ಪಕ್ಕದಲ್ಲಿ ಕೂತಳು.

"ನನ್ನ ಮೇಲೆ ಕೋಪ ಮಾಡ್ಕೋಬೇಡ ಬೊಮ್ಮಿ. ನಾನೇನೂ ನಿಮ್ಮಜ್ಜಿ ಹೆಸರು ಬೇಕು ಅಂತ ಬೇಡಿಕೊಂಡೋಳಲ್ಲ. ಆದ್ರೆ ಹೆಸರಿಲ್ಲದ ಕೂಸನ್ನ ಯಾರು ಕರೀತಾರೆ? ಕರೀದೇ ಇದ್ರೆ ಇದು ಓ ಅನ್ನೋದು ಯಾವಾಗ ಕಲಿಯುತ್ತೆ?"

ಬೊಮ್ಮಿ ಕೂಸಿನ ಮುಖ ನೋಡಿದ್ಲು. ಅದು ಮುಷ್ಟಿ ಬಿಗಿ ಹಿಡಿದು ನಿದ್ದೆ ಮಾಡ್ತಿತ್ತು.

"ತಿಪ್ಪಕ್ಕ, ಇದು ಇನ್ನೂ ಓ ಅಂದಿಲ್ಲ ಅಲ್ವಾ?"

"ಹದಿಮೂರು ದಿನದ ಕೂಸು ಕಣೆ."

"ಹಾಗಾದ್ರೆ ಇದರೊಳಗೆ ಯಾರೂ ಇಲ್ಲವಾ?"

ತಿಪ್ಪಕ್ಕನ ಮುಖ ಕೆಂಪಾಯ್ತು. "ಬಾಯಿ ಬಿಗಿ ಹಿಡಿ. ಹೊಟ್ಟೇಲಿದ್ದಾಗಲೇ ಇದು ಇತ್ತು. ನನಗೆ ಗೊತ್ತು."

"ಹೇಗೆ ಗೊತ್ತು?"

ತಿಪ್ಪಕ್ಕ ಕೂಸನ್ನ ಎದೆಗೆ ಒತ್ತಿಕೊಂಡಳು. ಆಮೇಲೆ ನಿಧಾನವಾಗಿ, "ಎತ್ತಿಕೊಂಡಾಗ ಹಾಗನ್ನಿಸುತ್ತೆ," ಅಂದ್ಲು.

"ನನಗೂ ಅಷ್ಟೇ ಅಕ್ಕ," ಅಂತ ಬೊಮ್ಮಿ ಅಜ್ಜಿಯ ಕೈ ಹಿಡಿದ್ಲು. "ಹಿಡಿದುಕೊಂಡಾಗ ಹಾಗನ್ನಿಸುತ್ತೆ."

ಇಬ್ಬರೂ ಮಧ್ಯಾಹ್ನದ ತನಕ ಅಲ್ಲೇ ಕೂತಿದ್ರು. ಮರ ಅವರ ಮೇಲೆ ನೆರಳು ಚೆಲ್ಲಿಕೊಂಡು ಎಲ್ಲ ಕೇಳ್ತಿತ್ತು. ಕೇಳ್ತಿತ್ತೋ ಇಲ್ಲವೋ, ಆಗ ಯಾರಿಗೆ ಗೊತ್ತು?

ಮೂರನೇ ಸಂಜೆ ಇಡೀ ಹಟ್ಟಿ ಸೇರಿತು. ಹೊಳೆ ಹರಿಯೋದು ನಿಲ್ಲಿಸಿ ಕಾಯ್ತಿತ್ತು. ಗಾಳಿ ದಿಬ್ಬದ ಮೇಲೆ ಕೂತಿತ್ತು. ಪಾತಜ್ಜ ಚಾಪೆ ಹತ್ರ ಬಂದು, ಹಿಂದೆ ಹೋಗಿ, ಮತ್ತೆ ಬಂದ. ಈರಕ್ಕನೂ ಅವನೂ ಒಟ್ಟಿಗೆ ಕರು ಮೇಯಿಸಿದೋರು.

"ಈರಕ್ಕಾ," ಅಂದ ಕೊನೆಗೆ. "ಈರಕ್ಕಾ, ಒಂದು ಸಲ ಓ ಅನ್ನು ತಾಯಿ."

ಕಾಗೆ ಕೊಂಬೆ ಮೇಲಿಂದ ಬೊಮ್ಮಿ ಕಡೆ ನೋಡಿ ಕೊಕ್ಕು ತೆರೆಯಿತು. ಬೊಮ್ಮಿ ಬೇಡ ಅಂತ ತಲೆ ಆಡಿಸಿದ್ಲು. ಕಾಗೆ ಕೊಕ್ಕು ಮುಚ್ಚಿಕೊಂಡಿತು.

ಓ ಬರಲಿಲ್ಲ.

ಪಾತಜ್ಜ ಹೆಸರು ತಗೊಳ್ಳೋಕೆ ಅಂತ ಕೈ ಚಾಚಿದ. ಆಗ ಬೊಮ್ಮಿ ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಯಾವತ್ತೂ ಮಾತಾಡಿರಲಿಲ್ಲ.

"ಅಜ್ಜ, ಕೂಸಿಗೆ ಹೆಸರು ತಾನೆ ಬೇಕಾಗಿರೋದು? ನಂದು ತಗೋ."

"ಏನು?"

"ಬೊಮ್ಮಿ ಅನ್ನೋ ಹೆಸರು ತಗೋ. ಕೂಸಿಗೆ ಇಡು. ಅಜ್ಜಿ ಹೆಸರು ಅಜ್ಜಿ ಹತ್ರ ಇರಲಿ."

ಜನ ಗುಸುಗುಸು ಅಂದ್ರು. ಪಾತಜ್ಜ ಅವಳ ಹತ್ರ ಬಗ್ಗಿದ. "ಮಗಾ, ಹೆಸರು ಕೊಟ್ಟರೆ ನಿನ್ನನ್ನ ಯಾರೂ ಕರೆಯೋಕೆ ಆಗಲ್ಲ. ನೀನು ಓ ಅನ್ನೋಕೂ ಆಗಲ್ಲ. ಇಲ್ಲದೋಳ ಥರ ಆಗ್ತೀಯ."

"ಓ ಅನ್ನದೇ ಇದ್ರೂ ನಾನು ಇರ್ತೀನಿ ಅಜ್ಜ," ಅಂದ್ಲು ಬೊಮ್ಮಿ. ಅವಳ ಕಣ್ಣಲ್ಲಿ ನೀರು ಇಳೀತಿತ್ತು. "ನಾನಿರ್ತೀನಿ ಅಂತ ನನಗೆ ಗೊತ್ತಿರುತ್ತೆ. ನಿಮಗೆ ಗೊತ್ತಾಗಲ್ಲ, ಅಷ್ಟೇ. ಅಜ್ಜಿಗೂ ಹಾಗೇ ಆಗಿದ್ರೆ?"

ತಿಪ್ಪಕ್ಕ ಕೂಸನ್ನ ಎತ್ತಿಕೊಂಡು ಬೊಮ್ಮಿ ಪಕ್ಕ ಬಂದು ನಿಂತಳು.

ಪಾತಜ್ಜ ಚಾಚಿದ ಕೈಯನ್ನ ಬೊಮ್ಮಿ ತಲೆ ಮೇಲೆ ಇಟ್ಟು ಅವಳ ಹೆಸರು ತಗೊಂಡ. ಕೂಸಿನ ಕಿವೀಲಿ ಮೂರು ಸಲ "ಬೊಮ್ಮಿ" ಅಂದ. ಆ ಹುಡುಗಿ ತನ್ನ ಹೆಸರನ್ನ ಬೇರೆ ಯಾರಿಗೋ ಅನ್ನೋದನ್ನ ಕೇಳಿಸಿಕೊಂಡ್ಲು. ಓ ಅನ್ನೋಕೆ ಬಾಯಿಗೆ ಬಂತು, ನುಂಗಿಕೊಂಡ್ಲು. ಚಾಪೆ ಮೇಲೆ ಕೂತು ಅಜ್ಜಿಯ ಅಂಗೈಗೆ ಅಂಗೈ ಸೇರಿಸಿದ್ಲು.

ಆಗ ಅವರ ತಲೆ ಮೇಲೆ ಏನೋ ಆಯ್ತು.

ಹುಣಸೆಮರ ಎಲೆ ಮಡಚ್ತಾ ಇತ್ತು. ಮೊದಲು ಕೆಳಗಿನ ಒಂದು ಕೊಂಬೆ. ಆಮೇಲೆ ಅದರ ಮೇಲಿಂದು. ಎದುರುಬದುರು ಇದ್ದ ಒಂದೊಂದು ಜೋಡಿ ಎಲೆಯೂ ನಿಧಾನವಾಗಿ ಹತ್ರ ಬಂದು ಒಂದಕ್ಕೊಂದು ಸೇರಿಕೊಳ್ತು, ಅಂಗೈಗೆ ಅಂಗೈ ಸೇರಿಸಿದ ಹಾಗೆ. ಸದ್ದಿಲ್ಲ. ನೋಡ್ತಾ ನೋಡ್ತಾ ಇಡೀ ಮರ ಮಡಚಿಕೊಂಡು, ಎಲೆ ಸಂದಿಯಿಂದ ಆಕಾಶ ಕಾಣಿಸ್ತು.

"ನಾನಲ್ಲ," ಅಂತು ಗಾಳಿ ದಿಬ್ಬದ ಮೇಲಿಂದ. "ಆಣೆ ಮಾಡಿ ಹೇಳ್ತೀನಿ, ನಾನು ಕೂತ ಕಡೆಯಿಂದ ಎದ್ದಿಲ್ಲ."

ಪಾತಜ್ಜ ತಲೆಯೆತ್ತಿ ನೋಡ್ತಾನೇ ಇದ್ದ. ಅವನ ಕುಡುಗೋಲು ಆ ಬೊಡ್ಡೆ ಮೇಲೆ ಎಷ್ಟು ಗಾಯ ಮಾಡಿತ್ತು ಅಂತ ಅವನಿಗೆ ಆಗ ಕಾಣಿಸ್ತು. "ಇದು... ಇದು ಮರ ಓ ಅಂದ ಹಾಗಾ ಮಗಾ?" ಅಂತ ಕೇಳಿದ.

"ಗೊತ್ತಿಲ್ಲ ಅಜ್ಜ," ಅಂದ್ಲು ಆ ಹುಡುಗಿ.

ಅವಳ ಅಂಗೈಯಲ್ಲೂ ಏನೋ ಮಿಡೀತಿತ್ತು. ಅದು ಅಜ್ಜಿಯ ಬೆರಳು ಅಲ್ಲಾಡಿದ್ದಾ, ತನ್ನದೇ ನಾಡಿಯಾ, ಅವಳಿಗೆ ಗೊತ್ತಾಗಲಿಲ್ಲ. ಅವಳು ಕೈ ಬಿಡಲಿಲ್ಲ.

ಅಜ್ಜಿಯನ್ನ ಹೊಳೆ ಆಚೆ ಯಾರೂ ಒಯ್ಯಲಿಲ್ಲ. ಪಾತಜ್ಜನೇ ಚಾಪೆಯ ಒಂದು ತುದಿ ಹಿಡಿದು ಮನೆಯೊಳಗೆ ತಂದ. ಹುಣಸೆ ಹಣ್ಣಾಗೋ ತನಕ ಅಜ್ಜಿ ಇದ್ದಳು. ಹಟ್ಟಿಯೋರು ಸರದಿ ಮೇಲೆ ಬಂದು ಗಂಜಿ ಕುಡಿಸಿ, ಊರ ಸುದ್ದಿ ಹೇಳಿ ಹೋಗೋರು. ಒಂದು ದಿನಕ್ಕೂ ಅವಳು ಓ ಅನ್ನಲಿಲ್ಲ. ಎಲ್ಲ ಕೇಳಿಸಿಕೊಂಡಳೋ ಇಲ್ಲವೋ, ಅದು ಯಾರಿಗೂ ಕೊನೇ ತನಕ ಗೊತ್ತಾಗಲಿಲ್ಲ. ಹೋಗುವಾಗ ತನ್ನ ಹೆಸರನ್ನ ತನ್ನ ಜೊತೇಲೇ ತಗೊಂಡು ಹೋದಳು.

ಹೆಸರಿಲ್ಲದ ಹುಡುಗಿಯನ್ನ ಜನ ಭುಜ ಮುಟ್ಟಿ ಕರೆಯೋಕೆ ಶುರು ಮಾಡಿದ್ರು. ಅವಳು ತಿರುಗಿ ನೋಡೋಳು. ಒಂದು ದಿನ ತಿಪ್ಪಕ್ಕ "ಬೊಮ್ಮೀ" ಅಂತ ಕರೆದಾಗ ಅಂಬೆಗಾಲಿಡೋ ಕೂಸು ಮೊದಲನೇ ಸಲ "ಓ" ಅಂತು. ಅದೇ ಗಳಿಗೆಗೆ ನೀರು ಹೊತ್ತು ತರ್ತಿದ್ದ ಹುಡುಗಿಯೂ ಮರೆತು "ಓ" ಅಂದುಬಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ಒಂದು ಹೆಸರಲ್ಲಿ ಇಬ್ಬರು ಇರಬಹುದು ಅಂತ ಪಾತಜ್ಜನಿಗೆ ಆಗ ಹೊಳೀತು. ಬೊಮ್ಮಿಗೆ ಅವಳ ಹೆಸರು ವಾಪಸ್ ಸಿಕ್ಕಿತು.

ಆಮೇಲೆ ಭೂಮಿ ಒಣಗಿ ಗಟ್ಟಿಯಾಯ್ತು. ಕಲ್ಲಿನ ಮಾತು ಮೊದಲು ನಿಂತಿತು. ಆಮೇಲೆ ಹೊಳೆಯದು, ಗಾಳಿಯದು. ಕಾಗೆಗೆ ಒಂದೇ ಮಾತು ಉಳೀತು. ಈಗ ನಾವು ಕರೆದ್ರೆ ಅವು ಯಾವುದೂ ಓ ಅನ್ನಲ್ಲ. ಆದ್ರೆ ಖಾಲಿ ಅಂತ ಹೇಳೋ ಧೈರ್ಯ ಬೊಮ್ಮಿಯ ಹಟ್ಟಿಯೋರು ಮತ್ತೆ ಮಾಡಲಿಲ್ಲ.

ಇವತ್ತು ಸಂಜೆ ದೀಪ ಹಚ್ಚೋ ಹೊತ್ತಿಗೆ ನೀನೂ ಹೋಗಿ ಹುಣಸೆಮರ ನೋಡು: ಎಲೆಗೆ ಎಲೆ ಸೇರಿಸಿಕೊಂಡು ನಿಂತಿರುತ್ತೆ, ಅದಕ್ಕೇ ಆ ಹೊತ್ತಲ್ಲಿ ಚಿಗುರು ಕೀಳೋಕೆ ಹೋದ್ರೆ ಮನೇಲಿ ಅಜ್ಜಿ "ಮುಟ್ಟಬೇಡ, ಗಿಡ ಮಲಗಿದೆ," ಅಂತ ನಿನ್ನ ಕೈ ಹಿಡಿದುಕೊಳ್ಳೋದು.