ಕಲ್ಮೇಶಿಯ ಕೆಲಸದ ಪಟ್ಟಿ

ಬರ್ರಿ, ಹಿಂಗ ಹತ್ತರ ಕೂಡ್ರಿ. ನಗಬಾರದು ಅಂತ ಹರಕಿ ಹೊತ್ತೋರು ಯಾರರ ಇದ್ರ ಈಗೇ ಎದ್ದು ಹೋಗ್ರಿ, ಆಮ್ಯಾಲೆ ನನ್ನ ಬೈಬ್ಯಾಡ್ರಿ.

ಗದಗ ಕಡೆ ಒಂದೂರಾಗ ನೀಲವ್ವ ಅಂತ ಇದ್ಳು, ಹೋಳಗಿ ಮಾಡಿ ಮಾರಾಕಿ. ಆಕಿಗೆ ಒಬ್ಬನೇ ಮಗ, ಕಲ್ಮೇಶಿ. ಆಳು ಆರಡಿ. ಮೀಸಿ ಬಂದಿದ್ವು, ಬುದ್ಧಿ ಇನ್ನೂ ಬರಬೇಕಿತ್ತು. ಹೇಳಿದ್ದೆಲ್ಲಾ ಮರೀತಾನ ಅಂತ ಸ್ವಾದರಮಾವನ ಮಗಳು ಶೈಲಾ ಒಂದು ಹಳೇ ಕಂಪ್ಯೂಟರಿನ್ಯಾಗ ಕೆಲಸದ ಪಟ್ಟಿ ಮಾಡಿಕೊಟ್ಳು. ಚಿತ್ರ ಇಲ್ಲ, ಬಣ್ಣ ಇಲ್ಲ, ಬರೇ ಕರೀ ಪರದಿ. 'ಸೇರಿಸು' ಅಂತ ಒತ್ತಿ ಕೆಲಸ ಬರದ್ರ ಪಟ್ಟಿಗೆ ಸೇರತೈತಿ. 'ಮುಗೀತು' ಅಂತ ಒತ್ತಿ ನಂಬರ್ ಹಾಕಿದ್ರ ಪಟ್ಟಿಯಿಂದ ಹೋಗತೈತಿ. ಅಷ್ಟೇ.

ಅಷ್ಟರಾಗ ಬಾಜೂ ಊರಿನ ಅಂಗಡಿಯವರ ಗೌರಕ್ಕ ತನ್ನ ಬಸುರಿ ಮಗಳ ಕುಬಸಕ್ಕ ಇನ್ನೂರು ಹೋಳಗಿ ಹೇಳಿದ್ಳು. ನೀಲವ್ವಗ ಇಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಅದೇ ಮೊದಲು.

"ಇದೊಂದು ಕೆಟ್ರ ಸುತ್ತ ಊರಾಗೆಲ್ಲಾ ನನ್ನ ಹೋಳಗಿ ಯಾರೂ ಕೇಳಂಗಿಲ್ಲೋ ಮಗನ! ಯಾವ ಕೆಲಸ ಇದ್ರೂ ಮೊದಲು ಪಟ್ಟಿಗೆ ಹಾಕು, ಪಟ್ಟಿ ಪ್ರಕಾರ ಮಾಡು!"

"ಆತವ್ವಾ!"

ಅವ್ವ ಹೇಳಿದ ಹನ್ನೊಂದು ಕೆಲಸ ಹಾಕಿದ. ಹಾಕೋದ್ರಾಗ ಒಲಿ ಮ್ಯಾಲಿನ ಕಡ್ಲಿಬ್ಯಾಳಿ ಹೊತ್ತಾಕ ಹತ್ತಿತು. ನೋಡಿದ. ಬಂದು ಕೂತು ಒತ್ತಿದ: 'ಸೇರಿಸು, ಬ್ಯಾಳಿ ಇಳಸೋದು.' ನಂಬರ್ ಹನ್ನೆರಡು ಬಂತು. ಒಂದನೇದು ಅಂಗಳ ಕಸ ಹೊಡಿಯೋದು. ಕಸಬರಿಗಿ ತಗೊಂಡು ಅಂಗಳಕ್ಕ ಹೊಂಟ!

"ಮೂಳಾ! ಬ್ಯಾಳಿ ಹೊತ್ತಿದ್ದು ಕಾಣಲಿಲ್ಲೇನೋ?"

"ಕಂಡಿತವ್ವಾ, ಅದರ ಪಾಳಿ ಬಂದಿಲ್ಲ!"

"ನಿನ್ನ ಪಾಳಿಗೆ ಬೆಂಕಿ ಹಚ್ಚಲಿ! ಸಂಜಿ ಆಗೋದ್ರಾಗ ಆ ಪಟ್ಟ್ಯಾಗ ಒಂದೂ ಉಳಿಬಾರದು ನೋಡು!"

"ಆತವ್ವಾ!"

ಕಂಪ್ಯೂಟರಿನ ಮುಂದ ಕೂತ. ಒಂದು, ಮುಗೀತು. ಎರಡು, ಮುಗೀತು. ಮೂರು, ಮುಗೀತು. ಹನ್ನೆರಡೂ ಮುಗೀತು. ಬೆಲ್ಲ ತಂದಿಲ್ಲ, ಏಲಕ್ಕಿ ಕುಟ್ಟಿಲ್ಲ, ಕಾಲು ಚಾಚಿ ಕೂತಾನ ನಮ್ಮಪ್ಪ!

"ಪಟ್ಟ್ಯಾಗ ಒಂದೂ ಉಳಿದಿಲ್ಲವ್ವಾ!"

ನೀಲವ್ವ ಹಣಿ ಹಣಿ ಬಡಕೊಂಡ್ಳು. "ನಾ ಕಣ್ಣಾರೆ ನೋಡೋತನಕ ಇನ್ನೊಮ್ಮೆ 'ಮುಗೀತು' ಒತ್ತಿದಿ ಅಂದ್ರ ಕೈ ಮುರೀತೀನಿ!"

"ಆತವ್ವಾ!"

ತಾನೇ ಓಡಿ ಬೆಲ್ಲ ತಂದ್ಳು, ತಾನೇ ಬ್ಯಾಳಿ ಬೇಯಿಸಿದ್ಳು, ತಾನೇ ಇನ್ನೂರು ಹೋಳಗಿ ಲಟ್ಟಿಸಿದ್ಳು. ಕುಬಸದ ದಿನ ಕಲ್ಮೇಶಿ ಬುಟ್ಟಿ ಸ್ಕೂಟರ್ ಗಾಡಿಗೆ ಕಟ್ಟಿಕೊಂಡು ಹೋದ, ಗೌರಕ್ಕನ ಅಡಗಿಮನ್ಯಾಗ ಇಳಿಸಿದ. "ಛಲೋ ಹೊತ್ತಿಗೆ ತಂದಿ ತಮ್ಮಾ!" ಅಂದು ಗೌರಕ್ಕ ಆ ಕಡೆ ತಿರುಗಿದ್ಳು. ಈ ಕಡೆ ನೋಡ್ತಾಳ, ಬುಟ್ಟೀನೂ ಇಲ್ಲ, ತಮ್ಮನೂ ಇಲ್ಲ!

"ಅವ್ವಾ, ಹೋಳಗಿ ಕೊಟ್ಟು ಬಂದೆ! ಕಣ್ಣಾರೆ ನೋಡು!"

"ಎಲ್ಲಿ ಕೊಟ್ಟಿ?"

"ಗೌರಕ್ಕನ ಅಡಗಿಮನ್ಯಾಗ!"

"ಮತ್ತ ಇದೇನೋ ಬುಟ್ಟ್ಯಾಗ?"

"ಅವೇ! ನಿನಗ ತೋರಸಾಕ ತಂದೀನಿ!"

ನೀಲವ್ವಗ ಅಳು ಬಂತು, ಖರೇನೇ ಅಳು. "ಮಂದಿ ಊಟಕ್ಕ ಕೂತಿರತಾರೋ! ನನ್ನ ಮಾನ ಹೋತಲ್ಲೋ! ನಡಿ, ನಾನೂ ಬರತೀನಿ. ಕಿವಿ ಕೊಟ್ಟು ಕೇಳು: ಆ ಮನಿಗೆ ಮುಟ್ಟಿಸಿದ್ದನ್ನ ಸತ್ರೂ ವಾಪಸ್ ತರಬ್ಯಾಡ!"

"ಆತವ್ವಾ!"

ಅವ್ವ ಬುಟ್ಟಿ ತೊಡಿ ಮ್ಯಾಲೆ ಇಟ್ಟುಕೊಂಡು ಹಿಂದ ಕೂತ್ಳು. ಅಲ್ಲಿ ಪಂಕ್ತಿ ಕೂತಿತ್ತು, ಎಲಿ ಮ್ಯಾಲೆ ಪಲ್ಯ ಕೋಸಂಬರಿ ಬಿದ್ದಿದ್ವು, ಎಲ್ಲಾರೂ ಬಾಗಲಾ ನೋಡಾಕ ಹತ್ತಿದ್ರು. ನೀಲವ್ವ ಸೆರಗು ಸಿಗಸಿ ತಾನೇ ಬಡಿಸಿದ್ಳು, ಮ್ಯಾಲೆ ತುಪ್ಪ ಬಿಟ್ಳು. ತಿಂದೋರು ಮತ್ತೊಂದು ಅಂದ್ರು. ಬಸುರಿ ನಾಕು ತಿಂದ್ಳು!

"ನೀಲವ್ವಾ, ಇನ್ನ ನಮ್ಮ ಮನ್ಯಾಗ ಯಾವ ಕಾರ್ಯೆ ಆದ್ರೂ ಹೋಳಗಿ ನಿಂದೇ!" ಅಂದ್ಳು ಗೌರಕ್ಕ.

ನೀಲವ್ವನ ಮಾರಿ ಅರಳಿತು. ಮಗನ ಮ್ಯಾಲಿನ ಸಿಟ್ಟೆಲ್ಲಾ ಇಳೀತು. "ಬಾರೋ ಮಗನ, ಮನಿಗೆ ಹೋಗೂಣು" ಅಂತ ಹೊರಗ ಬಂದ್ಳು. ಮಗ ಇಲ್ಲ. ಗಾಡಿ ಇಲ್ಲ. ಮನಿ ನಾಕು ಮೈಲಿ, ನೆತ್ತಿ ಮ್ಯಾಲೆ ಬಿಸಿಲು. ಫೋನ್ ಹಚ್ಚಿದ್ಳು.

"ಎಲ್ಲಿದ್ದೀಯೋ?"

"ಮನ್ಯಾಗ!"

"ನನ್ನ ಇಲ್ಲೇ ಬಿಟ್ಟು ಹೋದೇನೋ?"

"ಹೂಂ ಮತ್ತ! ಬುಟ್ಟಿ ಒಂದು, ಅವ್ವ ಒಂದು. ಎರಡೂ ಮುಟ್ಟಿಸೀನಿ, ಒಂದೂ ವಾಪಸ್ ತಂದಿಲ್ಲ! ನೀ ಕಣ್ಣಾರೆ ನೋಡೀಯಲ್ಲ? ಎರಡಕ್ಕೂ 'ಮುಗೀತು' ಒತ್ತೀನಿ!"