ಒಂದೇ ದಪ್ಪಿನ ಊರು

"ಬುದ್ಧಿ, ಜಗಳವಾಗದ ಹಾಗೆ ಜನರನ್ನು ಮಾತಾಡಲು ಬಿಡುವುದು ಹೇಗೆ?" ಎಂದು ಹಾಲಪ್ಪ ಮಠದ ಗುರುಗಳನ್ನು ಕೇಳಿದ.

ಹಾಲಪ್ಪ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಠದ ಭಕ್ತರಿಗಾಗಿ ಫೋನಿನಲ್ಲಿ ಒಂದು ಗುಂಪು ನಡೆಸುತ್ತಿದ್ದ. ಹತ್ತೂರಿನ ಜನ ಅದರಲ್ಲಿದ್ದರು. ಯಾರು ಏನು ಬರೆದರೂ ಎಲ್ಲರಿಗೂ ಕಾಣುತ್ತಿತ್ತು. ಬರೆದದ್ದನ್ನು ಅಳಿಸುವ, ಬರೆದವರನ್ನು ಹೊರಗೆ ಹಾಕುವ ಅಧಿಕಾರ ಅವನೊಬ್ಬನಿಗೇ ಇತ್ತು.

"ಏನಾಯಿತಪ್ಪಾ?" ಎಂದರು ಗುರುಗಳು.

"ಬೆಳಗ್ಗೆ ಯಾರೋ ಒಂದು ಒಳ್ಳೆಯ ಮಾತು ಹಾಕುತ್ತಾರೆ, ಬುದ್ಧಿ. ಮಧ್ಯಾಹ್ನಕ್ಕೆ ಅದು ಪಕ್ಷದ ಮಾತಾಗುತ್ತದೆ. ಸಂಜೆಗೆ ಜಾತಿಗೆ ಬಂದು ನಿಲ್ಲುತ್ತದೆ. ಅಳಿಸಿದರೆ ನನ್ನ ಮೇಲೇ ಬೀಳುತ್ತಾರೆ. ಬಿಟ್ಟರೆ ಮರ್ಯಾದಸ್ಥರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಎರಡೂ ಕಡೆಯವರು ಒಂದು ಮಾತಿಗೆ ಬಂದದ್ದು ಒಂದೇ ಸಲ. ಒಬ್ಬನನ್ನು ತೆಗೆದುಹಾಕಿ ಎಂದು ಎಲ್ಲರೂ ಸೇರಿ ಕೇಳಿದರು. ತೆಗೆದೆ. ಸ್ವಲ್ಪ ದಿನ ನೆಮ್ಮದಿಯಾಗಿತ್ತು. ಈಗ ಮತ್ತೆ ಅದೇ ರಗಳೆ. ಗುಂಪನ್ನೇ ಮುಚ್ಚಿಬಿಡಲೇ?"

"ಮುಚ್ಚುವುದು ಸುಲಭ," ಎಂದರು ಗುರುಗಳು. "ಹಾಗೆ ಮುಚ್ಚಿದ ಒಂದು ಊರಿನ ಕತೆ ಇದೆ. ಕೂತುಕೊಂಡು ಕೇಳು."

ಹಾಲಪ್ಪ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರು. ಊರಿಗೆ ಎರಡು ಕೇರಿ. ಮೇಲಿನ ಕೇರಿಯವರಿಗೆ ಒಬ್ಬ ದೇವರು, ಕೆಳಗಿನ ಕೇರಿಯವರಿಗೆ ಇನ್ನೊಬ್ಬ. ಅರಸ ಬದಲಾದಾಗ ಇವರು ಹಿಗ್ಗಿದರೆ ಅವರು ಕುಗ್ಗುತ್ತಿದ್ದರು. ಸೋಮವಾರ ಆ ಊರಿನಲ್ಲಿ ಯಾರೂ ಎತ್ತು ಹೂಡುತ್ತಿರಲಿಲ್ಲ. ಊಟ ಮುಗಿಸಿ ಎರಡೂ ಕೇರಿಯವರು ಊರ ಮುಂದಿನ ಬಯಲಿನಲ್ಲಿ ಎದುರುಬದುರಾಗಿ ಕೂತು ಸವಾಲು ಜವಾಬಿನ ಹಾಡು ಹಾಡುತ್ತಿದ್ದರು. ನಿಮ್ಮ ದೇವರು ದೊಡ್ಡವನೋ ನಮ್ಮ ದೇವರೋ, ಹೋದ ಅರಸ ಒಳ್ಳೆಯವನೋ ಬಂದ ಅರಸನೋ, ಹುಟ್ಟು ಹೆಚ್ಚೋ ದುಡಿಮೆ ಹೆಚ್ಚೋ, ಎಲ್ಲವೂ ಹಾಡಿನಲ್ಲೇ.

ಇಡೀ ಬಯಲಿಗೆ ಇದ್ದದ್ದು ಒಂದೇ ದಪ್ಪು. ಮರದ ಬಳೆಗೆ ಚರ್ಮ ಬಿಗಿದ, ಕೈಯಲ್ಲಿ ಹಿಡಿದು ಬಾರಿಸುವ ವಾದ್ಯ. ಅದು ಯಾರ ಕೈಯಲ್ಲಿದೆಯೋ ಅವನು ಹಾಡಬೇಕು, ಉಳಿದವರು ಕೇಳಬೇಕು. ಹಾಡಿ ಮುಗಿಸಿದವನು ಜವಾಬು ಹೇಳುವವನಿಗೆ ಅದನ್ನು ತನ್ನ ಕೈಯಾರೆ ಕೊಡಬೇಕು. ಕೊಟ್ಟರೆ ಮಾತ್ರ ಸವಾಲು ಸವಾಲಾಗುವುದು. ಜವಾಬಿದೆ ಎಂದವನಿಗೆ ಕೊಡದೆ ಹೊತ್ತು ಮುಳುಗಿದರೆ ಅವನು ಸವಾಲನ್ನೇ ಹಾಕಿಲ್ಲವೆಂದು ಅರ್ಥ. ಜವಾಬಿದೆ ಎನ್ನುವವರೇ ಇಲ್ಲದಿದ್ದರೆ ಅವನು ಗೆದ್ದ ಹಾಗೆ.

ಒಂದು ಸೋಮವಾರ ಹಾಡು ದಾರಿ ಬಿಟ್ಟಿತು. ಒಬ್ಬ ದೇವರನ್ನು ಬಿಟ್ಟು ಎದುರಿನವನ ತಾಯಿಯ ಮೇಲೆ ಹಾಡಿದ. ಎದುರಿನವನು ದಪ್ಪನ್ನು ಕಿತ್ತು ನೆಲಕ್ಕೆಸೆದು ಕಲ್ಲು ಎತ್ತಿಕೊಂಡ. ತಲೆಗಳು ಒಡೆದವು. ಊರ ಗೌಡ ಬಂದು ದಪ್ಪನ್ನು ಒಯ್ದು ತನ್ನ ಮನೆಯ ಅಟ್ಟಕ್ಕೆ ಹಾಕಿದ.

"ಹಾಡಿದ್ದು ಸಾಕು. ಇನ್ನು ಬಾಯಿ ಮುಚ್ಚಿಕೊಂಡು ಬದುಕಿ," ಎಂದ.

ಜನ ಬಾಯಿ ಮುಚ್ಚಲಿಲ್ಲ. ಬಯಲಿನಲ್ಲಿ ಹಾಡುತ್ತಿದ್ದದ್ದನ್ನು ಅವರವರ ಹಿತ್ತಲಿನಲ್ಲಿ ಹಾಡಿಕೊಂಡರು. ಹಿತ್ತಲಿನಲ್ಲಿ ಜವಾಬು ಹೇಳುವವರಿರಲಿಲ್ಲ. ಅದರಿಂದ ಹೇಳಿದ್ದೆಲ್ಲ ನಿಜವೇ ಆಯಿತು. ಎದುರು ಕೇರಿಯವರು ತಮ್ಮ ಬಾವಿಗೆ ವಿಷ ಹಾಕಿದ್ದಾರೆಂದು ಎರಡೂ ಕೇರಿಯ ಮಕ್ಕಳು ನಂಬಿದರು. ಸುಗ್ಗಿ ಮುಗಿಯುವುದರೊಳಗೆ ಒಂದು ಬಣವೆ ಸುಟ್ಟಿತು. ಗೌಡ ಹೆದರಿ ದಪ್ಪನ್ನು ಅಟ್ಟದಿಂದ ಇಳಿಸಿದ.

ಇಳಿಸಿದರೆ ಆಯಿತೇ? ಬಯಲನ್ನು ನೋಡಿಕೊಳ್ಳಲು ಒಬ್ಬರು ಬೇಕು. ಮೇಲಿನ ಕೇರಿಯವನು ಎಂದರೆ ಕೆಳಗಿನವರು ಒಪ್ಪರು. ಕೆಳಗಿನವನು ಎಂದರೆ ಮೇಲಿನವರು ಒಪ್ಪರು. ಕೊನೆಗೆ ಗೌಡನ ಕಣ್ಣು ಬಯಲಿನ ಅಂಚಿನಲ್ಲಿ ಮಂಡಕ್ಕಿ ಹುರಿಯುತ್ತಿದ್ದ ಹೆಂಗಸಿನ ಮೇಲೆ ಬಿತ್ತು. ಅವಳು ದೂರದ ಸೀಮೆಯಿಂದ ಬಂದು ನೆಲೆಸಿದವಳು. ಯಾವ ಕೇರಿಗೂ ಸೇರಿದವಳಲ್ಲ. ಎರಡೂ ಕೇರಿಯವರು ಅವಳ ಮಂಡಕ್ಕಿ ತಿನ್ನುತ್ತಿದ್ದರು. ದಪ್ಪಿನ ಚರ್ಮ ಸಡಿಲಿದಾಗ ಬಿಗಿಯಾಗಲೆಂದು ಅವಳ ಒಲೆಯ ಬಿಸಿಗೇ ಹಿಡಿಯುತ್ತಿದ್ದರು.

"ನೀನು ನೋಡಿಕೋ," ಎಂದ ಗೌಡ. "ಆದರೆ ಇನ್ನೊಂದು ತಲೆ ಒಡೆಯಿತೋ, ದಪ್ಪು ಬೆಂಕಿಗೆ ಹೋಗುತ್ತದೆ. ನಿನ್ನ ಒಲೆಯೂ ನನ್ನ ಜಾಗದಲ್ಲಿ ಇರುವುದಿಲ್ಲ."

ಆ ಒಲೆಯೇ ಅವಳ ಅನ್ನ. ಆದರೂ ಒಪ್ಪಿದಳು. ಮಂಡಕ್ಕಿ ಮಾರಲು ಹೋದಾಗ ಅವಳು ಎರಡೂ ಕೇರಿಯ ಹಿತ್ತಲುಗಳಲ್ಲಿ ಹಾಡುತ್ತಿದ್ದದ್ದನ್ನು ಕೇಳಿಸಿಕೊಂಡಿದ್ದಳು. ಅದಕ್ಕಿಂತ ಬಯಲಿನ ಜಗಳವೇ ವಾಸಿ ಎನಿಸಿತ್ತು.

ಮೊದಮೊದಲು ಅವಳು ಹಾಡುಗಳನ್ನೇ ತೂಗಲು ಹೋದಳು. ಇದು ಸರಿ, ಅದು ತಪ್ಪು ಎಂದಳು.

"ದೇವರ ವಿಷಯ ನಿನಗೇನು ಗೊತ್ತೇ, ಮಂಡಕ್ಕಿಯವಳೇ?" ಎಂದು ಇವರು ಗದರಿದರು.

"ಅವರ ಕೇರಿಯಲ್ಲಿ ನಿನಗೆ ವ್ಯಾಪಾರ ಜೋರಂತೆ!" ಎಂದು ಅವರು ಚುಚ್ಚಿದರು.

ಆ ವಾರ ಅವಳ ಮಂಡಕ್ಕಿ ಕೊಳ್ಳುವವರಿಲ್ಲದೆ ಮೆತ್ತಗಾಯಿತು. ಬೇಸತ್ತು, ಏನು ಬೇಕಾದರೂ ಹಾಡಿಕೊಳ್ಳಿ ಎಂದು ಸುಮ್ಮನಾದಳು. ಆಗ ಬಯಲು ದೊಡ್ಡ ಗಂಟಲಿನವರದ್ದಾಯಿತು. ಚೆನ್ನಾಗಿ ಹಾಡುತ್ತಿದ್ದ ಒಬ್ಬ ಕುಂಬಾರಗಿತ್ತಿ ಸೆರಗು ಕೊಡವಿಕೊಂಡು ಎದ್ದು ಹೋದಳು. ಅವಳ ಹಿಂದೆ ಇನ್ನಷ್ಟು ಜನ ಹೋದರು.

ಒಂದು ದಿನ ಮೋಡ ಕವಿದಿತ್ತು. ಕೆಳಗಿನ ಕೇರಿಯ ಒಬ್ಬ ವ್ಯಾಪಾರಿ ಎದುರಿನವನ ಹುಟ್ಟನ್ನು ಎತ್ತಿ ಹಾಡುತ್ತಿದ್ದ. ಜನ ಕಲ್ಲು ಹುಡುಕತೊಡಗಿದ್ದರು. ತಂಪಿಗೆ ಚರ್ಮ ಸಡಿಲಿ ದಪ್ಪು ಭದ್ ಭದ್ ಎಂದಿತು. ಹೆಂಗಸು ಹೋಗಿ ಕೈ ಚಾಚಿದಳು. ವ್ಯಾಪಾರಿ ಕೊಟ್ಟ. ಅವಳು ಅದನ್ನು ಒಲೆಯ ಬಿಸಿಗೆ ಹಿಡಿದಳು, ಬೆರಳಿನಿಂದ ತಟ್ಟಿ ನೋಡಿದಳು, ಮತ್ತೆ ಹಿಡಿದಳು, ತಂದುಕೊಟ್ಟಳು. ಅಷ್ಟರಲ್ಲಿ ಅವನಿಗೆ ಬೈಗುಳದ ಮುಂದಿನ ಸಾಲು ಮರೆತುಹೋಗಿತ್ತು.

"ಎಲ್ಲಿದ್ದೆ ನಾನು?" ಎಂದು ಕೇಳಿದ.

"ದೇವರ ಹತ್ತಿರ ಇದ್ದೆಯಪ್ಪಾ," ಎಂದಳು ಅವಳು.

ಬಯಲು ನಕ್ಕಿತು. ವ್ಯಾಪಾರಿಯೂ ನಕ್ಕು, ದೇವರಿಂದಲೇ ಮುಂದುವರಿಸಿದ.

ಅವಳಿಗೆ ತನ್ನ ಕೆಲಸ ಸಿಕ್ಕಿತು. ಅಂದಿನಿಂದ ಅವಳು ಹಾಡನ್ನು ತೂಗಲಿಲ್ಲ. ಹಾಡು ಹಾಡಿನ ಮೇಲೆ ಬಿದ್ದರೆ, ಎಷ್ಟೇ ಖಾರವಾಗಿರಲಿ, ಮಂಡಕ್ಕಿ ಹುರಿಯುತ್ತ ಕೂತಳು. ಹಾಡು ಮನುಷ್ಯನ ಮೇಲೆ ಬಿದ್ದರೆ ಎದ್ದು ಬಂದು, "ಚರ್ಮ ಸಡಿಲಾಗಿದೆ," ಎಂದು ಕೈ ಚಾಚಿದಳು. ಸುಡುಬಿಸಿಲಿನಲ್ಲೂ ಆ ಚರ್ಮ ಸಡಿಲಾಗುತ್ತಿತ್ತು. ಗುಟ್ಟು ಎಲ್ಲರಿಗೂ ಗೊತ್ತಿತ್ತು. ಆದರೆ ಇಲ್ಲ, ಬಿಗಿಯಾಗಿಯೇ ಇದೆ ಎಂದು ವಾದಿಸಿ ನಗೆಗೀಡಾಗಲು ಯಾರಿಗೂ ಮನಸ್ಸಿರಲಿಲ್ಲ. ಕುಂಬಾರಗಿತ್ತಿ ತಿರುಗಿ ಬಂದಳು. ಬಯಲು ತುಂಬಿತು.

ಹೀಗಿರುವಾಗ ಒಂದು ಸೋಮವಾರ ಮೇಲಿನ ಕೇರಿಯ ಒಬ್ಬ ರೈತ ಒಂದು ಸವಾಲು ಹಾಕಿದ. ಅವನನ್ನು ಹಾಡಿನಲ್ಲಿ ಗೆದ್ದವರಿರಲಿಲ್ಲ. "ದೇವರು ಗುಡಿಯೊಳಗೇ ಇದ್ದರೆ ಹೊಲದಲ್ಲಿ ಪೈರು ಬೆಳೆಸುವವನು ಯಾರು? ಹೊಲದಲ್ಲೂ ಇದ್ದರೆ ಗುಡಿ ಕಟ್ಟಿದ್ದು ಯಾಕೆ?" ಕೆಳಗಿನ ಕೇರಿಯವರು ಮುಖ ಮುಖ ನೋಡಿಕೊಂಡರು. ಒಬ್ಬರಿಗೂ ಜವಾಬು ಹೊಳೆಯಲಿಲ್ಲ. ರೈತ ಮೀಸೆ ತಿರುವಿದ.

"ನಾನು ಹೇಳುತ್ತೇನೆ, ಧಣಿ," ಎಂದು ಒಂದು ದನಿ ಬಂತು.

ಎಲ್ಲರೂ ತಿರುಗಿ ನೋಡಿದರು. ಚರ್ಮ ಹದ ಮಾಡುವವನು. ಊರ ಹೊರಗೆ ಇರುವವನು. ಪ್ರತಿ ಸೋಮವಾರ ದೂರದಲ್ಲಿ ನಿಂತು ಕೇಳುತ್ತಿದ್ದವನು. ಆ ದಪ್ಪಿಗೆ ಚರ್ಮ ಬಿಗಿದವನೂ ಅವನೇ.

"ಅವನಿಗೆ ದಪ್ಪು ಕೊಡುವುದೇ?" ಎಂದಿತು ಮೇಲಿನ ಕೇರಿ.

"ಕೂಡದು," ಎಂದಿತು ಕೆಳಗಿನ ಕೇರಿ.

ಎರಡು ಕೇರಿಗಳು ಒಂದೇ ಮಾತು ಆಡಿದ್ದು ಅದೇ ಮೊದಲು. ಗೌಡನಿಗೆ ಸಂತೋಷವಾಯಿತು. ಹೆಂಗಸಿನ ಹತ್ತಿರ ಬಂದು, "ನೋಡು, ನಿನ್ನಿಂದ ಊರು ಒಂದಾಯಿತು. ಅವನನ್ನು ಕಳಿಸಿಬಿಡು, ಕೆಲಸ ಮುಗಿಯಿತು," ಎಂದ.

ಹೆಂಗಸು ತನ್ನ ಒಲೆಯ ಕಡೆ ನೋಡಿದಳು. ಸುಮ್ಮನಿದ್ದರೆ ಒಲೆ ಉಳಿಯುತ್ತದೆ. ಊರಿಗೆ ಊರೇ ಒಪ್ಪಿದೆ. ತಲೆ ಒಡೆಯುವ ಭಯವಿಲ್ಲ. ಬೇರೆ ಸೀಮೆಯಿಂದ ಬಂದವಳಿಗೆ ಇನ್ನೇನು ಬೇಕು? ಆದರೂ ಅವಳು ಎದ್ದು ಹೋಗಿ ರೈತನ ಮುಂದೆ ಕೈ ಚಾಚಿದಳು.

"ಚರ್ಮ ಸಡಿಲಾಗಿದೆ," ಎಂದಳು.

"ಯಾರೂ ಯಾರನ್ನೂ ಬೈದಿಲ್ಲವಲ್ಲ!" ಎಂದ ರೈತ.

"ಸಡಿಲಾಗಿದೆ ಕೊಡಪ್ಪಾ."

ರೈತ ಕೊಟ್ಟ. ಅವಳು ಒಲೆಯ ಮುಂದೆ ಕೂತು ದಪ್ಪನ್ನು ಬಿಸಿಗೆ ಹಿಡಿದಳು. ತಟ್ಟಿ ನೋಡಿದಳು. ತಲೆ ಅಲ್ಲಾಡಿಸಿ ಮತ್ತೆ ಹಿಡಿದಳು. ಜನ ಕಾದರು. ನೆರಳು ಉದ್ದವಾಯಿತು.

ವ್ಯಾಪಾರಿ ಒಂದು ಉಪಾಯ ಹೇಳಿದ. "ದಪ್ಪನ್ನು ನೆಲದ ಮೇಲೆ ಇಡೋಣ. ಅವನು ಅಲ್ಲಿಂದ ಎತ್ತಿಕೊಳ್ಳಲಿ. ನಮ್ಮದೂ ಆಯಿತು, ಅವನದೂ ಆಯಿತು."

"ಇದನ್ನು ಕೊನೆಯ ಸಲ ನೆಲಕ್ಕೆ ಹಾಕಿದ್ದು ಕಲ್ಲು ಎತ್ತಿಕೊಳ್ಳುವುದಕ್ಕೆ," ಎಂದಳು ಅವಳು.

ಚರ್ಮ ಹದ ಮಾಡುವವನಿಗೇ ಸಂಕಟವಾಯಿತು. "ಅವ್ವಾ, ನನ್ನಿಂದ ನಿನ್ನ ಒಲೆ ಹೋದೀತು. ನೀನೇ ಕೊಟ್ಟುಬಿಡು. ನಿನ್ನ ಕೈಯಿಂದ ತಗೊಳ್ಳುತ್ತೇನೆ."

"ನಾನು ಕೊಟ್ಟರೆ ನಿನಗೆ ದಪ್ಪು ಸಿಗುತ್ತದೆ, ಮಗಾ. ಬಯಲು ಸಿಗುವುದಿಲ್ಲ."

ಸೂರ್ಯ ಗುಡ್ಡದ ತಲೆ ಮುಟ್ಟಿದ. ಕೆಳಗಿನ ಕೇರಿಯವರಿಗೆ ಥಟ್ಟನೆ ಒಂದು ವಿಷಯ ಹೊಳೆದು, ಒಬ್ಬರನ್ನೊಬ್ಬರು ತಿವಿದು ನಗತೊಡಗಿದರು.

"ಹೊತ್ತು ಮುಳುಗಲಿ," ಎಂದ ವ್ಯಾಪಾರಿ. "ದಪ್ಪು ಕೈ ಬದಲಾಗಲಿಲ್ಲ. ಸವಾಲೇ ಇಲ್ಲ. ನಾವು ಸೋತೂ ಇಲ್ಲ. ಮನೆಗೆ ಹೋಗಿ ಮೀಸೆ ಇಳಿಸಿಕೋ, ಮಾವಾ!"

ರೈತ ಗುಡ್ಡದ ಕಡೆ ನೋಡಿದ. ಅಷ್ಟು ಒಳ್ಳೆಯ ಸವಾಲು. ಒಂದು ಸುಗ್ಗಿಯೆಲ್ಲ ನೇಗಿಲ ಹಿಂದೆ ನಡೆಯುತ್ತ ಕಟ್ಟಿದ್ದು. ಅದು ಹುಟ್ಟೇ ಇಲ್ಲದ ಹಾಗೆ ಸಾಯುತ್ತದೆ. ಇಡೀ ಬಯಲಿನಲ್ಲಿ ಅದಕ್ಕೆ ಜವಾಬಿದೆ ಎಂದವನು ಒಬ್ಬನೇ. ರೈತ ದಡಬಡನೆ ಒಲೆಯ ಹತ್ತಿರ ಬಂದ.

"ಕಾದಿದೆಯೇನೇ?"

"ಕಾದಿದೆ," ಎಂದಳು ಹೆಂಗಸು.

ರೈತ ದಪ್ಪನ್ನು ತೆಗೆದುಕೊಂಡ. ಮುಖ ಒಂದು ಕಡೆ ತಿರುಗಿಸಿ, ತೋಳು ಉದ್ದ ಮಾಡಿ, ಎರಡೇ ಬೆರಳಿನಲ್ಲಿ ಅದರ ಅಂಚು ಹಿಡಿದು ಚಾಚಿದ. ಚರ್ಮ ಹದ ಮಾಡುವವನು ಅದನ್ನು ತೆಗೆದುಕೊಂಡ.

ಅವನು ಹಾಡಿದ. ಗಂಟಲು ಒಡೆದಿತ್ತು. ತಾಳ ಎರಡು ಕಡೆ ತಪ್ಪಿತು. "ಗುಡಿ ಕಟ್ಟಿದ್ದು ದೇವರಿಗಲ್ಲ, ಬಾಗಿಲಿಗೆ. ಬಾಗಿಲು ಹಾಕಿದ್ದು ನನಗೆ. ಒಳಗೆ ನೀವು ದೀಪ ಹಚ್ಚಿ ಹುಡುಕುತ್ತಿದ್ದೀರಿ. ದೇವರು ನನ್ನ ಜೊತೆ ಹೊರಗೆ ನಿಂತಿದ್ದಾನೆ."

ರೈತ ಕಿವಿಗೊಟ್ಟು ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನ ಕಣ್ಣು ಹೊಳೆಯಿತು. ಹಾಡಿನಲ್ಲಿ ಅವನಿಗೊಂದು ಬಿರುಕು ಕಂಡಿತ್ತು. ಜವಾಬು ಮರೆತುಹೋದೀತೆಂಬ ಆತುರದಲ್ಲಿ ನುಗ್ಗಿ ಬಂದು ಚರ್ಮ ಹದ ಮಾಡುವವನ ಕೈಯಿಂದ ದಪ್ಪನ್ನು ಎರಡೂ ಕೈಯಲ್ಲಿ ಕಿತ್ತುಕೊಂಡ.

"ದೇವರು ನಿನ್ನ ಜೊತೆ ಹೊರಗೇ ಇದ್ದರೆ, ಬಾಗಿಲ ಮೇಲೆ ನಿನಗ್ಯಾಕೆ ಸಿಟ್ಟು?"

ಬಯಲು ಹೋ ಎಂದಿತು. ಚರ್ಮ ಹದ ಮಾಡುವವನು ತೊಡೆ ತಟ್ಟಿಕೊಂಡು ನಕ್ಕ.

"ಸಿಕ್ಕಿಬಿದ್ದೆ, ಅಣ್ಣಾ! ಬರುವ ಸೋಮವಾರ ನೋಡು!"

ಸಂಜೆಯವರೆಗೆ ಧಣಿ ಎನ್ನುತ್ತಿದ್ದವನು ಅಣ್ಣಾ ಎಂದದ್ದು ಅವನಿಗೂ ತಿಳಿಯಲಿಲ್ಲ, ರೈತನಿಗೂ ತಿಳಿಯಲಿಲ್ಲ. ತಾನು ಯಾರ ಕೈಯಿಂದ ಕಿತ್ತುಕೊಂಡೆ ಎಂಬುದು ರೈತನಿಗೆ ಹೊಳೆದದ್ದು ಮನೆಗೆ ಹೋಗಿ ಕೈ ತೊಳೆಯಲು ನಿಂತಾಗ. ಊರೆಲ್ಲ ನೋಡಿ ಆಗಿತ್ತು. ಊರೆಲ್ಲ ಹೋ ಎಂದೂ ಆಗಿತ್ತು. ಅವನು ಮಣ್ಣು ಹೋಗುವಷ್ಟೇ ತೊಳೆದುಕೊಂಡು ಊಟಕ್ಕೆ ಕೂತ.

ಮುಂದಿನ ಸೋಮವಾರ ಚರ್ಮ ಹದ ಮಾಡುವವನು ಜವಾಬು ತಂದ. "ಸಿಟ್ಟು ಬಾಗಿಲ ಮೇಲಲ್ಲ, ಅಣ್ಣಾ. ಅದನ್ನು ಹಾಕಿದ ಕೈಯ ಮೇಲೆ. ಆ ಕೈ ನಿನ್ನದು." ರೈತ ಹುಟ್ಟಿದ ಮೇಲೆ ಮೊದಲ ಸಲ ಕೆಳಗಿನ ಕೇರಿಯವರ ಕಡೆ ತಿರುಗಿ, "ಇದಕ್ಕೆ ನಿಮ್ಮ ಹತ್ತಿರ ಏನಾದರೂ ಇದೆಯೇನ್ರೋ?" ಎಂದು ಕೇಳಿದ. ಅವರ ಹತ್ತಿರವೂ ಇರಲಿಲ್ಲ. ಅಂದು ದಪ್ಪು ಚರ್ಮ ಹದ ಮಾಡುವವನ ಕೈಯಲ್ಲೇ ಉಳಿಯಿತು. ಹೆಂಗಸು ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿ, ಗೆದ್ದವನಿಗೂ ಸೋತವರಿಗೂ ಒಂದೇ ಮೊರದಿಂದ ಬಿಸಿ ಮಂಡಕ್ಕಿ ಹಂಚಿದಳು. ಆ ಒಲೆ ಅಲ್ಲಿಂದ ಕದಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಹಾಲಪ್ಪನ ಮುಖ ಅರಳಿತ್ತು. "ಗೆದ್ದಳು ಬುದ್ಧಿ, ಆ ತಾಯಿ! ಇಡೀ ಊರನ್ನೇ ಗೆದ್ದಳು!"

ಗುರುಗಳು ಕೇಳಿದರು: "ಎರಡೂ ಕಡೆಯವರು ಒಪ್ಪಿ ನಿನ್ನ ಕೈಯಿಂದ ತೆಗೆಸಿದರಲ್ಲ, ಆ ಒಬ್ಬನ ಹೆಸರೇನು ಹಾಲಪ್ಪ?"

ಹಾಲಪ್ಪನ ಕೈ ಮೆಲ್ಲಗೆ ಫೋನಿದ್ದ ಜೇಬಿನ ಕಡೆ ಹೋಯಿತು.