ಕನ್ಸೆನ್ಸಸ್ ಕಲಿತು ಬಂದ ನರಿ

ಒಂದು ಕಾಡಿನಲ್ಲಿ ಸೋಮವಾರ ಬೆಳಿಗ್ಗೆ ಗಂಭೀರವಾದ ಬೆಳವಣಿಗೆಯೊಂದು ನಡೆಯಿತು. ಹೊಂಡದ ಕಪ್ಪೆ ಬೊಮ್ಮಣ್ಣ ತಾನು ದಿನಾ ಕೂರುವ ಕಲ್ಲನ್ನು ಬಿಟ್ಟು, ಮೂರು ಬೆರಳು ಆಚೆಗೆ, ಕೆಸರಿನಲ್ಲಿ ಕೂತಿದ್ದ. ಪ್ರಾಣಹಾನಿಯೇನೂ ಆಗಿರಲಿಲ್ಲ. ಕಲ್ಲಿನ ಮೇಲೆ ನರಿ ಕೆಂಚಪ್ಪ ಕೂತಿದ್ದ.

"ಏನೋ ಬೊಮ್ಮಣ್ಣ, ಜಾಗ ಬದಲಾಯಿಸಿದ್ದೀಯಲ್ಲ?" ಎಂದು ಮೇಲಿನ ಕೊಂಬೆಯಿಂದ ಕರಿಯವ್ವಜ್ಜಿ ಕೇಳಿದಳು. ಆಕೆ ಕರಿಮುಖದ ಮುಸುವ ಕೋತಿಗಳಲ್ಲಿ ಹಿರಿಯಳು. ಹೊಂಡಕ್ಕೆ ಕಾವಲು ಅವಳದೇ. ಹುಲಿ, ಚಿರತೆ ಕಂಡರೆ ಕೂಗುವುದು ಅವಳ ಕೆಲಸ.

"ನನಗೂ ಈಗಷ್ಟೇ ಗೊತ್ತಾಯಿತು ಅಜ್ಜಿ. ಕಲ್ಲು ಅವನದು ಅಂತ ನಿನ್ನೆಯ ಸಭೆಯಲ್ಲಿ ತೀರ್ಮಾನವಾಗಿದೆಯಂತೆ. ಕನ್ಸೆನ್ಸಸ್ ಆಗಿದೆಯಂತೆ."

"ಅದು ಯಾವ ರೋಗವೋ?"

"ರೋಗವಲ್ಲ ಅಜ್ಜಿ, ಇಂಗ್ಲಿಷ್," ಎಂದ ಕೆಂಚಪ್ಪ. "ಅಂದರೆ ಒಮ್ಮತ. ಪಟ್ಟಣದಲ್ಲಿ ಈಗ ಎಲ್ಲ ಕೆಲಸ ಅದರಲ್ಲೇ ನಡೆಯುವುದು."

ಕೆಂಚಪ್ಪ ಚಳಿಗಾಲವನ್ನೆಲ್ಲ ಪಟ್ಟಣದಲ್ಲಿ ಕಳೆದು ಬಂದಿದ್ದ. ಅಲ್ಲಿ ಒಂದು ಸಭಾಭವನದ ಹಿಂದಿದ್ದ ಕಸದ ತೊಟ್ಟಿಯೇ ಅವನ ವಿದ್ಯಾಪೀಠ. ಒಳಗೆ ಅಧ್ಯಕ್ಷರು "ಯಾರದಾದರೂ ವಿರೋಧ ಇದೆಯೇ?" ಎಂದು ಕೇಳುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. "ಹಾಗಾದರೆ ಕನ್ಸೆನ್ಸಸ್" ಎಂದು ಅಧ್ಯಕ್ಷರು ಏಳುತ್ತಿದ್ದರು. ಆ ಹೊತ್ತಿಗೆ ಸದಸ್ಯರ ಬಾಯಿ ತುಂಬ ಬೋಂಡಾ ಇರುತ್ತಿತ್ತು. ಕೆಂಚಪ್ಪ ಅದನ್ನೂ ನೋಡಿದ್ದ. ಆದರೆ ಕಾಡಿಗೆ ಬಂದು ಹೇಳುವಾಗ ಬೋಂಡಾದ ಭಾಗವನ್ನು ಬಿಟ್ಟುಬಿಟ್ಟ.

ಕಾಡಿನ ಪದ್ಧತಿಯೇ ಬೇರೆ. ಅಲ್ಲಿ ಒಂದು ಮಾತಿಗೆ ಒಪ್ಪಿಗೆ ಇದ್ದವರು ತಮ್ಮ ತಮ್ಮ ದನಿಯಲ್ಲಿ ಓಗೊಡಬೇಕು. ಕಪ್ಪೆ ವಟಗುಟ್ಟಬೇಕು, ನವಿಲು ಕೇಕೆ ಹಾಕಬೇಕು, ಆನೆ ಘೀಳಿಡಬೇಕು. ಎಲ್ಲರ ದನಿಯೂ ಬಿದ್ದರೆ ತೀರ್ಮಾನ. ಒಂದು ದನಿ ಕಡಿಮೆಯಾದರೂ ಮಾತು ಅಲ್ಲಿಗೇ ಬಿತ್ತು. ಸಭೆ ಮುಗಿಯುವಷ್ಟರಲ್ಲಿ ಕಿವಿ ಕಿವುಡಾಗುತ್ತಿತ್ತು. ಆ ಗದ್ದಲದ ಬಗ್ಗೆ ಕಾಡಿಗೆ ಬಹಳ ಹೆಮ್ಮೆ.

ಹೀಗಾಗಿ ಭಾನುವಾರದ ಸಭೆಯಲ್ಲಿ ಕೆಂಚಪ್ಪ ಎದ್ದು "ಕಲ್ಲು ನನಗಿರಲಿ, ವಿರೋಧ ಇದೆಯೇ?" ಎಂದಾಗ ಎಲ್ಲರೂ ಬೇಡವೆಂದು ಸುಮ್ಮನಾಗಿದ್ದರು. ಇವರು ಒಪ್ಪಿದರೆಂದು ಕೆಂಚಪ್ಪ ಸಭೆ ಮುಗಿಸಿದ್ದ.

ಮಂಗಳವಾರ ಹೊಂಡದ ನೆರಳಿನ ದಡ ಅವನದಾಯಿತು. ಬುಧವಾರ ತಿಳಿನೀರಿನ ಮೂಲೆ ಅವನದಾಯಿತು. ಬೇಸಿಗೆಯಲ್ಲಿ ಹೊಂಡ ಬತ್ತುತ್ತಿತ್ತು, ಏಡಿಗಳು ಕೈಗೆಟಕುವಷ್ಟು ಮೇಲೆ ಬಂದಿದ್ದವು. ಬೇರೆಯವರ ಕಾಲು ಬಿದ್ದರೆ ಏಡಿಗಳು ಬಿಲ ಸೇರುತ್ತಿದ್ದವು. ಕೆಂಚಪ್ಪನಿಗೆ ಇದ್ದ ತಾಪತ್ರಯ ಇಷ್ಟೇ.

ಗುರುವಾರ ಅವನು ಎರಡು ನಿರ್ಣಯ ಮಂಡಿಸಿದ. ಒಂದು, ಇನ್ನು ಮುಂದೆ ಎಲ್ಲರೂ ಹೊಳೆಗೆ ಹೋಗಿ ನೀರು ಕುಡಿಯುವುದು. ಎರಡು, ಹೊಂಡದ ಬಳಿ ಕೂಗುವುದು ಒಮ್ಮತಕ್ಕೆ ಭಂಗ, ಆದ್ದರಿಂದ ಯಾರೂ ಕೂಗಕೂಡದು.

"ವಿರೋಧ ಇದೆಯೇ?"

ಕಾಡು ಹಿಂದೆಂದೂ ಇಲ್ಲದಷ್ಟು ಬಲವಾಗಿ ಸುಮ್ಮನಾಯಿತು.

"ಸಂತೋಷ," ಎಂದ ಕೆಂಚಪ್ಪ. "ನಾಡಿದ್ದು ಸಂಜೆ ಕೊನೆಯ ಸಭೆ. ಇದನ್ನು ಕಾಯಂ ಮಾಡೋಣ."

ಕಡವೆ ಚೆಲುವಿ ಮರದ ಕೆಳಗೆ ಬಂದು ನಿಂತಳು. ಅವಳ ಮರಿ ಹುಟ್ಟಿ ಐದು ದಿನವಾಗಿತ್ತು. ಹೊಳೆ ಎರಡು ಗುಡ್ಡದಾಚೆ ಇತ್ತು. "ಅಜ್ಜಿ, ಮರಿ ಅಷ್ಟು ದೂರ ನಡೆಯುವುದಿಲ್ಲ. ಬಿಟ್ಟು ಹೋದರೆ ಉಳಿಯುವುದಿಲ್ಲ. ನಾನು ಕುಡಿಯದಿದ್ದರೆ ಅದಕ್ಕೆ ಹಾಲಿಲ್ಲ. ಇದಕ್ಕೆ ನಾನು ಯಾವಾಗ ಒಪ್ಪಿದೆ?"

"ನೀನು ಓಗೊಡಲಿಲ್ಲವಲ್ಲ."

"ಒಪ್ಪದೇ ಇದ್ದದ್ದಕ್ಕೇ ಓಗೊಡಲಿಲ್ಲ!"

"ನಾನೂ ಅಷ್ಟೇ ಮಗಳೇ. ಎಲ್ಲರೂ ಅಷ್ಟೇ. ಅವನಿಗೆ ಬೇಕಾಗಿದ್ದೂ ಅಷ್ಟೇ," ಎಂದಳು ಅಜ್ಜಿ. "ಶನಿವಾರದ ತನಕ ತಡಕೋ. ಅವತ್ತು ಬಾಯಿ ಬಿಟ್ಟೇ ಹೇಳೋಣ."

ಶನಿವಾರ ಸಂಜೆ ಎಲ್ಲರೂ ಸೇರಿದರು. ಎರಡು ದಿನ ನೀರಿಲ್ಲದ ಚೆಲುವಿಯ ನಾಲಿಗೆ ಒಣಗಿತ್ತು. ಕೆಂಚಪ್ಪ ಹೊಂಡಕ್ಕೆ ಬೆನ್ನು ಮಾಡಿ ಕಲ್ಲಿನ ಮೇಲೆ ನಿಂತ.

"ಬಂಧುಗಳೇ, ಈ ಹೊಂಡ ಇನ್ನು ಕಾಯಂ ಆಗಿ ನನ್ನದು. ವಿರೋಧ ಇದೆಯೇ?"

ಚೆಲುವಿ ಬಾಯಿ ತೆರೆದಳು. ಅಷ್ಟರಲ್ಲಿ ಆಚೆ ದಡದ ಬಿದಿರಿನಲ್ಲಿ ಏನೋ ಅಲುಗಿತು. ಅವಳ ಬಾಯಿ ತೆರೆದಂತೆಯೇ ಉಳಿಯಿತು. ಕಪ್ಪೆ ನಿಂತಿತು, ಜೀರುಂಡೆ ನಿಂತಿತು, ನವಿಲಿನ ಕತ್ತು ಮೇಲೆ ಹೋಗಿ ಅಲ್ಲೇ ನಿಂತಿತು. ಕಾಡಿನಲ್ಲಿ ಎಲೆ ಬಿದ್ದರೂ ಕೇಳುವಂತಾಯಿತು.

"ಆಹಾ!" ಎಂದ ಕೆಂಚಪ್ಪ. ಅವನ ಕಣ್ಣು ತುಂಬಿ ಬಂತು. "ಇಂಥ ಕನ್ಸೆನ್ಸಸ್ ಪಟ್ಟಣದಲ್ಲೂ ನೋಡಿಲ್ಲ."

"ಖಕ್! ಖಕ್!" ಎಂದು ಕರಿಯವ್ವಜ್ಜಿ ಕೂಗಿದಳು. ಕೂಗಕೂಡದೆಂಬ ನಿರ್ಣಯ ಅವಳಿಗೆ ನೆನಪಿತ್ತು. ಕೂಗಿದರೆ ಉಳಿಯುವವರಲ್ಲಿ ಕೆಂಚಪ್ಪನೂ ಒಬ್ಬ ಎಂಬುದೂ ಗೊತ್ತಿತ್ತು. ಆದರೆ ಕಾವಲಿಗೆ ನಿಂತವಳು ಯಾರಿಗೆ ಕೂಗಬೇಕು, ಯಾರಿಗೆ ಬೇಡ ಎಂದು ಲೆಕ್ಕ ಹಾಕುವ ಪದ್ಧತಿ ಆ ಮರದಲ್ಲಿ ಇರಲಿಲ್ಲ.

ಚೆಲುವಿ ಮರಿಯನ್ನು ಮುಂದೆ ತಳ್ಳಿಕೊಂಡು ಓಡಿದಳು. ಎಲ್ಲರೂ ಓಡಿದರು.

"ಅಜ್ಜೀ, ಸಭೆಯ ಶಿಸ್ತು!" ಎಂದು ಕೆಂಚಪ್ಪ ಗದರಿದ.

"ಖಕ್! ಓಡೋ ಮುಠ್ಠಾಳ, ಹಿಂದೆ ಚಿರತೆ!"

"ನಿಮ್ಮ ವಿರೋಧ ಏನಿದ್ದರೂ ಮುಂದಿನ ಸಭೆಯಲ್ಲಿ—"

ಚಿರತೆ ಹಾರಿತು. ಕಲ್ಲಿಗೆ ಪಾಚಿ ಹಿಡಿದಿದ್ದರಿಂದ ಕೆಂಚಪ್ಪ ಜಾರಿ ಹೊಂಡಕ್ಕೆ ಬಿದ್ದ. ಚಿರತೆಯ ಬಾಯಿಗೆ ಅರ್ಧ ಬಾಲ ಮಾತ್ರ ಸಿಕ್ಕಿತು. ಅದು ಕೂದಲನ್ನು ಉಗಿದು, ಮುಖ ಕಿವುಚಿಕೊಂಡು ಹೊರಟುಹೋಯಿತು.

ಮರುದಿನ ಬೆಳಿಗ್ಗೆ ಕಾಡು ಮತ್ತೆ ಸೇರಿತು. ಕೆಸರು ಮೆತ್ತಿಕೊಂಡ ಕೆಂಚಪ್ಪ ಒಂದು ಬದಿಗೆ ಕೂತಿದ್ದ.

"ತಪ್ಪು ನಮ್ಮದೂ ಇದೆ," ಎಂದಳು ಕರಿಯವ್ವಜ್ಜಿ. "ಓ ಅನ್ನುವುದಕ್ಕೆ ಬಾಯಿ ಬಿಡುತ್ತಿದ್ದೆವು. ಬೇಡ ಅನ್ನುವುದಕ್ಕೂ ಬಿಡಬೇಕಾಗಿತ್ತು. ಚೆಲುವಿ, ನಿನ್ನೆಯ ಮಾತು ಬಾಯಲ್ಲೇ ಉಳಿದಿದೆಯಲ್ಲ, ಹೇಳು."

"ಬೇಡ!" ಎಂದಳು ಚೆಲುವಿ. ಗುಡ್ಡ ಅದನ್ನು ತಿರುಗಿ ಹೇಳಿತು.

"ಹಾಗಾದರೆ ಹೊಂಡ ಮೊದಲಿನಂತೆ ಎಲ್ಲರದು. ಮರಿ ಇರುವವರು ಮೊದಲು ಕುಡಿಯಲಿ. ಕೆಂಚಪ್ಪ ಕೊನೆಗೆ. ಏನಂತೀರಿ?"

ಕಪ್ಪೆ ವಟಗುಟ್ಟಿತು. ನವಿಲು ಕೇಕೆ ಹಾಕಿತು. ಆನೆ ಘೀಳಿಟ್ಟಿತು. ಚೆಲುವಿಯ ಮರಿ ಕೂಡ ಮೊದಲ ಸಲ ಓಗೊಟ್ಟಿತು. ಅದು ಸೀನಿದಂತೆ ಕೇಳಿಸಿದರೂ ಸಭೆ ಅದನ್ನು ಪೂರ್ತಿ ದನಿ ಎಂದೇ ಸ್ವೀಕರಿಸಿತು.

ಕೆಂಚಪ್ಪ ಮಾತ್ರ ಸುಮ್ಮನಿದ್ದ. "ಮುಗಿಯಿತಲ್ಲ, ಇನ್ನೇನು?" ಎಂದ ಮೆಲ್ಲಗೆ.

"ಮುಗಿದಿಲ್ಲಪ್ಪ. ನಿನ್ನ ದನಿ ಬಿದ್ದಿಲ್ಲ," ಎಂದಳು ಅಜ್ಜಿ. "ನಿನಗೆ ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಅನ್ನು. ಕೂತು ಬೇರೆ ದಾರಿ ಹುಡುಕೋಣ. ಸುಮ್ಮನಿದ್ದೆ ಅಂತ ನಿನ್ನ ತಲೆಯ ಮೇಲೆ ತೀರ್ಮಾನ ಹೊರಿಸುವವರು ನಾವಲ್ಲ."

ಕೆಂಚಪ್ಪ ತನ್ನ ಬಾಲವನ್ನು ನೋಡಿಕೊಂಡ. ಆಮೇಲೆ ಮರವನ್ನು ನೋಡಿದ. "ಊ" ಎಂದ.

"ಕೇಳಿಸಲಿಲ್ಲ," ಎಂದ ಕಪ್ಪೆ ಬೊಮ್ಮಣ್ಣ.

ಕೆಂಚಪ್ಪ ಕತ್ತೆತ್ತಿ ಇನ್ನೊಮ್ಮೆ ಊಳಿಟ್ಟ. ಈ ಸಲ ಎಲ್ಲರಿಗೂ ಕೇಳಿಸಿತು.

ಆ ವರ್ಷ ಹೊಂಡದ ನೀರು ಮಳೆ ಬರುವ ತನಕ ಸಾಕಾಯಿತು. ಕಲ್ಲಿನ ಮೇಲೆ ಮತ್ತೆ ಬೊಮ್ಮಣ್ಣ ಕೂತ.

ನೀತಿ: ಸುಮ್ಮನಿದ್ದವರೆಲ್ಲ ಒಪ್ಪಿದವರಲ್ಲ, ಒಪ್ಪದವರು ಸುಮ್ಮನಿರಬಾರದು.